ಇಲ್ಲದ ಅಜ್ಜನ ಗದ್ದಗಿ

ನಮ್ಮ ಮನ್ಯಾಗ ಯಾರ ಗದ್ದಗಿನೂ ಇರಲಿಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೀನಿ, ಯಾಕಂದ್ರ ತಿಕೋಟಾದಾಗ ಇವತ್ತಿಗೂ ಕೆಲವು ಮಂದಿ, ಅಮರಪ್ಪನ ಮನಿ ನೆಲದಾಗ ಹಿರಿಯಜ್ಜ ಮಲಗ್ಯಾನ, ಆ ಪರದೇಶದ ಸಾಲಿ ಅಕ್ಕೋರನ್ನ ಅವನ ಹಿಡಕೊಂಡಿದ್ದ ಅಂತ ಮಾತಾಡ್ತಾರ. ಹಿಡಕೊಂಡಿದ್ದ ಮಣ್ಣು! ಕೆಳಗ ಇದ್ದದ್ದು ಜ್ವಾಳ. ಹಗೇವ ತುಂಬ ಬಿಳಿಜ್ವಾಳ. ಅದು ನನಗ ಗೊತ್ತಿತ್ತು, ನಮ್ಮ ಮಾವನೋರಿಗೆ ಗೊತ್ತಿತ್ತು, ನಮ್ಮನಿಯವರಿಗೆ ಗೊತ್ತಿತ್ತು. ಅದರ ಮ್ಯಾಲ ಹಾಸಿಕೊಂಡು ಮಲಗಾಕಿಗೆ ಮಾತ್ರ ಗೊತ್ತಿರಲಿಲ್ಲ.

ಹಗೇವ ನೋಡದವರಿಗೆ ಹೇಳ್ತೀನಿ. ನೆಲದಾಗ ತೋಡಿದ ಕಾಳಿನ ಕುಣಿ ಅದು. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಒಳಗ ಹೊಟ್ಟು ಹಾಸಿ, ಕಾಳು ತುಂಬಿ, ಬಾಯಿಗೆ ಹಾಸಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ರ ವರ್ಷಗಟ್ಟಲೆ ಹುಳಾ ಬೀಳಂಗಿಲ್ಲ. ಆದ್ರ ಕಲ್ಲು ತೆಗದ ಕೂಡಲೆ ಒಳಗ ಇಳಿಬಾರದು. ಒಳಗಿನ ಹವಾ ಕೆಟ್ಟದ್ದು. ದೀಪ ಇಳಿಸಿ ನೋಡಬೇಕು, ಆರಿತು ಅಂದ್ರ ಮನಶ್ಯಾನೂ ಆರತಾನ. ನನ್ನ ತವರುಮನಿ ಬಬಲೇಶ್ವರ. ಅಲ್ಲಿ ನಮ್ಮ ಸೋದರಮಾವ ಸಿದ್ದರಾಯ, ದೀಪ ಯಾಕ ಬೇಕಲೇ ಅಂತ ನಕ್ಕೋತ ಇಳದಾಂವ, ಮ್ಯಾಲ ಬರಲಿಲ್ಲ. ಹಗ್ಗ ಹಾಕಿ ಎಳದ್ರು. ಅವನ ರುಮಾಲ ಮ್ಯಾಲ ಕಲ್ಲಿನ ಬಾಜೂಕ ಹಂಗ ಇತ್ತು. ಆಗ ನಾ ಲಂಗಾ ಉಡೋ ವಯಸ್ಸಿನಾಕಿ, ಅವತ್ತಿನಿಂದ ನನಗ ಹಗೇವ ಅಂದ್ರ ಅಂಜಿಕಿ.

ಪಾಕಿಸ್ತಾನದ ಕೂಡ ಲಡಾಯಿ ಆತಲ್ಲ, ಆ ವರ್ಷದ ಮಾತು. ಮಳಿ ಕೈಕೊಟ್ಟಿತ್ತು. ಜ್ವಾಳಕ್ಕ ರೇಟ್ ಏರಾಕತ್ತಿತ್ತು. ಸರ್ಕಾರದವರು ಲೇವಿ ಅಂತ ಮಾಡಿ, ಮನಿಗೆ ಬೇಕಾದಷ್ಟು ಇಟಗೊಂಡು ಉಳಿದದ್ದು ಕೊಡ್ರಿ ಅಂತ ಮನಿಮನಿ ಹೊಕ್ಕು ನೋಡತಿದ್ರು. ನಮ್ಮ ಮಾವನೋರು ಅಮರಪ್ಪ ಕಾಳಿನ ವ್ಯಾಪಾರಸ್ಥರು. ಅಂಗಳದಾಗಿನ ಹಗೇವ ಊರಿಗೆಲ್ಲಾ ಗೊತ್ತಿದ್ದದ್ದು, ಅದನ್ನ ತಾವ ಮುಂದ ನಿಂತು ತೆಗಿಸಿ ಸರ್ಕಾರದ ತಲಾಟಿಗೆ ಕೊಟ್ಟು ಶ್ಯಾಣ್ಯಾ ಅನಿಸಿಕೊಂಡ್ರು. ಇನ್ನೊಂದು ಮನಿ ಒಳಗ ತಗ್ಗಿನ ಖೋಲ್ಯಾಗ ಇತ್ತು, ಅವರ ಮುತ್ಯಾ ಯಾರಿಗೂ ತಿಳೀದಂಗ ತೋಡಿಸಿದ್ದು. ಆ ಖೋಲಿ ನೆಲಾ ಸಾರಿಸಾಕಿ ನಾನ ಆದದ್ದಕ್ಕ ನನಗ ಹೇಳದ ಬಿಡೂವಂಗಿರಲಿಲ್ಲ. ಹೇಳಿದ ದಿನ ನನ್ನ ಕೊರಳಾಗಿನ ಲಿಂಗ ನನ್ನ ಅಂಗೈಯಾಗ ಇಡಿಸಿ, ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ ಆಣಿ ಮಾಡಿಸಿದ್ರು. ಮದುವ್ಯಾಗಿ ಬಂದು ಬಾಳ ದಿನಾ ಆಗಿರಲಿಲ್ಲ, ಅತ್ತಿ ತೀರಿಕೊಂಡಿದ್ಲು, ನಮ್ಮನಿಯವರು ವಿಜಾಪುರದ ಅಡತಿ ಅಂಗಡ್ಯಾಗ ಇದ್ದು ವಾರಕ್ಕೊಮ್ಮೆ ಬರಾವರು. ನಾ ಆಣಿ ಮಾಡಿದ್ನಿ. ಮತ್ತೇನ ಮಾಡ್ಲಿ?

ಅಂಥಾದ್ರಾಗ ಸಾಲಿ ಹೆಡ್‌ಮಾಸ್ತರ ಬಸಲಿಂಗಯ್ಯನೋರು ಬಂದ್ರು. ಇಂಗ್ಲೀಷ ಕಲಸಾಕ ನ್ಯೂಝಿಲ್ಯಾಂಡ ಅನ್ನೋ ದೇಶದಿಂದ ಒಬ್ಬಾಕಿ ಹೆಣ್ಣಮಗಳು ಬರಾಕತ್ತಾಳ, ಇರಾಕ ಒಂದು ಛಲೋ ಮನ್ಯಾಗ ಖೋಲಿ ಬೇಕು ಅಂದ್ರು. ನಮ್ಮ ಮಾವನೋರು ಹಿಂದಮುಂದ ನೋಡದ ತಗ್ಗಿನ ಖೋಲಿ ಕೊಡ್ತೀನಿ ಅಂದುಬಿಟ್ರು. ಅವರು ಹೋದ ಮ್ಯಾಲ ನನ್ನ ಮುಖಾ ನೋಡಿ ನಕ್ಕು, ಬಿಳಿ ಹೆಣ್ಣಮಗಳ ಹೊರಸಿನ ಕೆಳಗ ಯಾವ ತಲಾಟಿ ಬಗ್ಗಿ ನೋಡ್ತಾನ ಅಂತ ಕೇಳಿದ್ರು. ನನಗ ಅವತ್ತ ಅಂಜಿಕಿ ಬಂತು. ಆದ್ರ ಅದು ಜೇಲಿನ ಅಂಜಿಕಿ. ಖರೇ ಅಂಜಿಕಿ ಇನ್ನೂ ಬರೋದಿತ್ತು.

ಬಂದ್ಳು. ಎಡ್ನಾ ಅಂತ ಹೆಸರು. ಉದ್ದನ್ನಾಕಿ, ಮುಖದ ತುಂಬ ಕಂದು ಚುಕ್ಕಿ, ಕೆಂಚ ಕೂದಲ. ಮೊದಲನೇ ದಿನ ನಮ್ಮ ಅಂಗಳದಾಗ ನಿಂತು ಎರಡೂ ಕೈ ಜೋಡಿಸಿ, "ನಮಸ್ಕಾರ. ತಮ್ಮ ಮನೆಗೆ ಬಂದಿರುವುದು ನನಗೆ ಸಂತೋಷವಾಗಿದೆ" ಅಂದ್ಳು. ಪುಸ್ತಕದಾಗಿನ ಕನ್ನಡ. ನಾ ಸೆರಗು ಬಾಯಿಗೆ ಇಟಗೊಂಡು ನಕ್ನಿ. ಆಕಿನೂ ನಕ್ಳು, ಆದ್ರ ಕೈ ನಡಗಾಕತ್ತಿದ್ವು. ಅದನ್ನ ನಾ ನೋಡಿದ್ನಿ. ಹೊಸ ಮನಿಗೆ ಬಂದ ಹೆಣ್ಣಿನ ಕೈ ಹೆಂಗ ನಡಗ್ತಾವ ಅಂತ ನನಗ ಯಾರೂ ಹೇಳಿಕೊಡೋದು ಬೇಕಿರಲಿಲ್ಲ.

ಪಾಪ, ಆಕಿಗೆ ಎಲ್ಲಾದಕ್ಕೂ ಅಂಜಿಕಿ. ಚೇಳಿಗೆ, ಎಮ್ಮಿಗೆ, ತಂಬಗಿ ತಗೊಂಡು ಹೊಲಕ್ಕ ಹೋಗೋದಕ್ಕ. ಖಾರಕ್ಕಂತೂ ಕೇಳಬ್ಯಾಡ್ರಿ, ರಂಜಕದ ವಾಸನಿಗೇ ಕಣ್ಣಾಗ ನೀರು. ಸಾಲ್ಯಾಗ ಹುಡುಗರು ಆಕಿ ಮಾತು ತಿಳೀದ ನಗಾವರು, ಮನಿಗೆ ಬಂದು ಮುಖಾ ತೊಳಕೊಂಡು ಖೋಲಿ ಬಾಗಲಾ ಹಾಕ್ಕೊಳ್ಳಾಕಿ. ಆದ್ರ ಹಟಮಾರಿ. ನಾ ಕುಂತಂಗ ಕುಂಡ್ರಬೇಕು, ನಾ ರೊಟ್ಟಿ ಮುರದಂಗ ಮುರೀಬೇಕು. ಒಮ್ಮೆ ಬಾಜೂ ಊರು ಬಿಜ್ಜರಗಿಗೆ ಕರಕೊಂಡು ಹೋದಾಗ ಕುರಿ ಹಿಂಡು ನೋಡಿ ಓಡಿ ಹೋಗಿ, ಒಂದು ಕುರಿ ಹಿಡದು ಅದರ ಬಾಯಿ ತಗದು ಹಲ್ಲು ನೋಡಿ, ಕುರುಬರಿಗೆ ಅದರ ವಯಸ್ಸು ಹೇಳಿಬಿಟ್ಳು. ಅವರಪ್ಪ ಕುರಿ ಸಾಕಾವನಂತ. ಆಕಿ ನಮ್ಮ ಕುರುಬರ ಪೈಕಿನ ಅಂತ ಊರವರು ತೀರ್ಮಾನ ಮಾಡಿದ್ರು. ಅಷ್ಟರ ಮ್ಯಾಲ ಊರಿಗೆ ಆಕಿ ಬಗ್ಗೆ ಸಮಾಧಾನ ಆತು.

ಗದ್ದಗಿ ಹುಟ್ಟಿದ್ದು ಹಿಂಗ. ಒಂದು ಐತವಾರ ನಾವಿಬ್ಬರೂ ಬಸಲಿಂಗಯ್ಯನೋರ ಮನಿಯವರ ಜೋಡಿ ವಿಜಾಪುರಕ್ಕ ಗೋಳಗುಮ್ಮಟ ನೋಡಾಕ ಹೋಗಿದ್ವಿ. ಮ್ಯಾಲ ಕಾಣೋದು ಬರೇ ತೋರಿಕಿ ಗೋರಿ, ಖರೇ ಗೋರಿ ಅದರ ಕೆಳಗ ನೆಲಮನ್ಯಾಗ ಅದಾವ ಅಂತ ಅಲ್ಲಿ ಒಬ್ಬಾಂವ ಹೇಳಿದ. ಎಡ್ನಾ ಆ ಮಾತು ಎರಡೆರಡು ಸಲ ಕೇಳಿ ತಿಳಕೊಂಡ್ಳು. ಮನಿಗೆ ಬಂದು ತನ್ನ ಟ್ರಂಕ್ ಸರಿಸಿದಾಗ ಮೂಲ್ಯಾಗಿನ ಕಲ್ಲು ಟೊಳ್ಳ ಸಪ್ಪಳ ಮಾಡ್ತಂತ. ಮರುದಿನ ಬಸಲಿಂಗಯ್ಯನೋರ ಮುಂದ, ಮಾವನೋರ ಎದುರಿಗೇ, ಕೆಳಗ ಏನೈತಿ ಅಂತ ಕೇಳಿದ್ಲು. ನಾ ಬಾಗಲ ಹಿಂದ ಇದ್ನಿ.

ಮಾವನೋರು ಒಂದು ಅರಗಳಿಗಿ ತಡೀಲಿಲ್ಲ. "ನಮ್ಮ ಹಿರಿಯಜ್ಜನ ಗದ್ದಗಿ ಐತ್ರಿ ಅದು. ಅದರ ಮ್ಯಾಗಿನ ಕಲ್ಲು ಯಾರೂ ಮುಟ್ಟಂಗಿಲ್ಲ" ಅಂದ್ರು.

ನಮ್ಮವರನ್ನ ಹೂಳೋದು ಖರೇ, ದೊಡ್ಡವರಿಗೆ ಗದ್ದಗಿ ಕಟ್ಟೋದೂ ಖರೇ. ಆದ್ರ ಮನಿ ಒಳಗ, ಅದೂ ಬಾಡಗಿ ಕೊಡೋ ಖೋಲ್ಯಾಗ? ಬಸಲಿಂಗಯ್ಯನೋರು ಹುಬ್ಬು ಏರಿಸಿದ್ರು. ಸಾಲಿ ಕಟ್ಟಡಕ್ಕ ಹಣಾ ಕೊಟ್ಟಾವರು ಮಾವನೋರು, ಎದುರು ಮಾತಾಡೋದು ಹೆಂಗ? ಇಂಗ್ಲೀಷಿನಾಗ ಆಕಿಗೆ ತಿಳಿಸಿ ಹೇಳಿದ್ರು. ಆಕಿ ಮುಖಾ ಬಿಳಚಿಕೊಂತು. ಆಮ್ಯಾಲ ಎದ್ದು ನಿಂತು ಮಾವನೋರಿಗೆ ಕೈ ಮುಗದ್ಳು.

ಅವತ್ತಿನಿಂದ ಆಕಿ ಅಜ್ಜನ ಮನ್ಯಾಗಿನ ಹೆಣ್ಣಮಗಳಂಗ ಇರಾಕ ಸುರು ಮಾಡಿದ್ಲು. ಮಾವನೋರು ಬಂದ್ರ ನಾ ಹೊರಸಿನ ಮ್ಯಾಲಿಂದ ಇಳದು ನಿಂದ್ರೋದು ನೋಡಿದ್ಲಲ್ಲ, ಹಿರೇರ ಮುಂದ ಎತ್ತರಕ್ಕ ಕುಂಡ್ರಬಾರದು ಅಂತ ಅದರಿಂದ ಕಲ್ತಳು. ಅಜ್ಜ ಕೆಳಗ ಮಲಗಿರೋವಾಗ ತಾನು ಹೊರಸಿನ ಮ್ಯಾಲ ಮಲಗೋದು ಹೆಂಗ ಅಂತ ಹೊರಸು ಎತ್ತಿ ಪಡಸಾಲಿಗೆ ಹಾಕಿಸಿದ್ಲು. ನಾ ಕೊಟ್ಟ ಕೌದಿ ನೆಲಕ್ಕ ಹಾಸಿಕೊಂಡು, ಆ ಕಲ್ಲಿನ ಮಗ್ಗಲಕ್ಕ ಮಲಗಾಕತ್ತಿದ್ಲು. ಮುಂಜಾನಿ ನಾ ಲಿಂಗಪೂಜಿ ಮಾಡೋದು ನೋಡಿದ್ಲು, ನೀರು ಎರೆಯೋದು, ಹೂವು ಏರಿಸೋದು. ತಾನೂ ಸೇವಂತಗಿ ಹೂವು ತಂದು ಕಲ್ಲಿನ ಮ್ಯಾಲ ಇಡಾಕತ್ತಿದ್ಲು. ಒಂದು ತಂಬಗಿ ನೀರೂ ದಿನಾ ಒಳಗ ಒಯ್ಯಾಕಿ. ಕುಡ್ಯಾಕ ಒಯ್ತಾಳ ಅನಕೊಂಡ್ನಿ.

ನಮ್ಮ ಅಡಗಿಮನಿಗೂ ಆ ಖೋಲಿಗೂ ನಡುವ ಒಂದ ಗ್ವಾಡಿ. ಮುಂಜಾನಿ ನಾ ರೊಟ್ಟಿ ಬಡಿಯೋ ಹೊತ್ತಿಗೆ ಆಕಿ ದನಿ ಸುರು ಆಗ್ತಿತ್ತು. ಮೊದಲ ಜಪಾ ಅನಕೊಂಡ್ನಿ. ಆದ್ರ ಜಪದ ನಡುವ ಯಾರು ನಗ್ತಾರ? ಒಂದೊಂದು ದಿನಾ ಯಾರಿಗೋ ಬೈದಂಗ, ಒಂದೊಂದು ದಿನಾ ಮೂಗು ಸೇದಿಕೊಂತ. ಎಲ್ಲಾ ಇಂಗ್ಲೀಷು. ನನಗ ಒಂದು ಅಕ್ಷರ ತಿಳೀತಿರಲಿಲ್ಲ. ದನಿ ಸಣ್ಣದಾದ್ರ ನಾ ರೊಟ್ಟಿ ಬಡಿಯೋದು ಮೆಲ್ಲಕ ಮಾಡ್ತಿದ್ನಿ. ಯಾಕ ಅಂದ್ರ ನನಗೂ ಗೊತ್ತಿಲ್ಲ. ಆ ಮನ್ಯಾಗ ನನ್ನ ಜೋಡಿ ಮಾತಾಡಾವರು ಯಾರೂ ಇರಲಿಲ್ಲ, ಅದಕ್ಕಿರಬೇಕು.

ದೀಪಾವಳಿ ಹೋಗಿ ಥಂಡಿ ಬಿದ್ದ ಮ್ಯಾಲ ಆಕಿಗೆ ತಲಿನೋವು ಸುರು ಆತು. ಎದ್ದ ಕೂಡಲೆ ತಲಿ ಹಿಡಕೊಂಡು ಪಡಸಾಲಿಗೆ ಬಂದು ಕುಂಡ್ರಾಕಿ. ಹೊರಗ ಹವಾಕ್ಕ ಕುಂತ್ರ ಕಡಿಮಿ ಆಗೋದು. ಹೊಸಾ ನೀರು, ಹೊಸಾ ಹವಾ, ಎಣ್ಣಿ ಹಚ್ಕೋ ಅಂದ್ನಿ. ಒಂದಿನ ಆಕಿ ಸಾಲಿಗೆ ಹೋದಾಗ ನೆಲಾ ಸಾರಿಸಾಕ ಖೋಲಿಗೆ ಇಳದ್ನಿ. ಹುಳಿ ವಾಸನಿ ಮೂಗಿಗೆ ಬಡೀತು. ಕೊಳತ ಹಿಟ್ಟಿನ ವಾಸನಿ. ಕಲ್ಲಿನ ಸುತ್ತಲ ಮೆತ್ತಿದ ಮಣ್ಣು ನೆನದು ಕರ್ರಗಾಗಿ ಬಿರಕ ಬಿಟ್ಟಿತ್ತು. ಹೂವಿನ ಬುಡದಾಗ ನೀರಿನ ಹಸಿ ಇನ್ನೂ ಆರಿರಲಿಲ್ಲ. ಕುಡಿಯೋ ನೀರಲ್ಲ ಅದು. ಆಕಿ ದಿನಾ ಅಜ್ಜಗ ನೀರು ಎರ್ಯಾಕತ್ತಿದ್ಲು, ಅಜ್ಜ ಅನಕೊಂಡು ನಮ್ಮ ಜ್ವಾಳಕ್ಕ.

ನಾ ಅಂಗಡಿಗೆ ಓಡಿ ಹೋಗಿ ಮಾವನೋರಿಗೆ ಹೇಳಿದ್ನಿ. ಅವರಿಗೆ ಸಿಟ್ಟು ನೆತ್ತಿಗೇರಿತು, ಆದ್ರ ಜ್ವಾಳದ ಚಿಂತಿ ಅದು, ಆಕಿದಲ್ಲ. ಅಜ್ಜಗ ನೀರು ನಡಿಯಂಗಿಲ್ಲ ಅಂತ ಬಸಲಿಂಗಯ್ಯನೋರ ಕಡಿಂದ ಹೇಳಿ ಕಳಿಸಿದ್ರು. ಹಗೇವ ಈಗಿಂದೀಗ ತೆಗಿಸ್ರಿ ಅಂದ್ನಿ. ತೆಗದ್ರ ಕಾಳು ಎಲ್ಲಿ ಇಡೋದು, ತಲಾಟಿ ಓಣ್ಯಾಗ ತಿರಗಾಕತ್ತಾನ, ಸಂಕ್ರಮಣದ ಸೂಟಿಗೆ ಆಕಿ ವಿಜಾಪುರಕ್ಕ ಹೋಗ್ತಾಳ, ಆಗ ತೆಗಿಸಿದ್ರಾತು, ಅಲ್ಲೀತನಾ ಬಾಯಿ ಮುಚ್ಕೊಂಡಿರು ಅಂದ್ರು. ಸಂಕ್ರಮಣ ಇನ್ನೂ ದೂರ ಇತ್ತು.

ನೀರು ಬ್ಯಾಡ ಅಂದದ್ದು ಮತ್ತೊಂದು ಫಜೀತಿ ಆತು. ಅಜ್ಜ ತನ್ನ ನೀರು ಒಲ್ಲೆ ಅಂದ, ಅಂದ್ರ ತಾನು ಏನೋ ತಪ್ಪು ಮಾಡೇನಿ ಅಂತ ಆಕಿ ತಿಳಕೊಂಡ್ಳು. ತಲಿನೋವೂ ಅಜ್ಜನ ಸಿಟ್ಟ ಅಂದುಕೊಂಡ್ಳು. ನೀರು ಬಿಟ್ಟು ದೀಪ ಇಡಾಕ ಹೋದ್ಳು. ಒಂದಿನ ಸಂಜಿಗೆ ನನ್ನ ಕರದ್ಳು. "ಶಂಕ್ರೆವ್ವ, ಬನ್ನಿ. ದೀಪ ನಿಲ್ಲುತ್ತಿಲ್ಲ" ಅಂದ್ಳು.

ನಾ ಇಳದು ಹೋಗಿ ಹಣತಿ ಹಚ್ಚಿ ಎದಿಮಟ ಹಿಡದ್ನಿ. ಛಂದಾಗಿ ಉರೀತು. ಗಾಳಿ ಇರಲಿಲ್ಲ, ಬಾಗಲಾ ಹಾಕಿತ್ತು. ಮೆಲ್ಲಕ ಬಗ್ಗಿ ಕಲ್ಲಿನ ಹತ್ರ ಒಯ್ದ್ನಿ. ಉರಿ ಸಣ್ಣಾತು, ಸೊರಗಿತು, ಆರಿತು. ಮತ್ತ ಹಚ್ಚಿದ್ನಿ, ಮತ್ತ ಆರಿತು. ಬಬಲೇಶ್ವರದ ಅಂಗಳ, ಸೋದರಮಾವನ ರುಮಾಲ, ಹಗ್ಗ ಎಳಿಯೋ ಮಂದಿ, ಎಲ್ಲಾ ನನ್ನ ಕಣ್ಣಮುಂದ ಬಂದು ನಿಂತ್ವು. ಆ ಹವಾ ಬಿರಕಿನಾಗಿಂದ ಮ್ಯಾಲ ಬಂದಿತ್ತು. ಖೋಲಿ ಪಡಸಾಲಿಗಿಂತ ತಗ್ಗಿನಾಗ, ಬೆಳಕಿಂಡಿ ಎತ್ತರದಾಗ, ಕೆಟ್ಟ ಹವಾ ಹೊರಗ ಹೋಗಾಕ ದಾರಿನ ಇಲ್ಲ. ನೆಲದ ಮ್ಯಾಲ ನಿಂತಿತ್ತು. ಆಕಿ ಕೌದಿ ಹಾಸಿದ್ದು ಅದರಾಗ.

"ಅಜ್ಜನಿಗೆ ನನ್ನ ಮೇಲೆ ಸಿಟ್ಟೇ?" ಅಂತ ಕೇಳಿದ್ಲು. ಖರೇನ ಅಂಜಿದ್ಲು, ತುಟಿ ಒಣಗಿದ್ವು.

ಹೇಳಬೇಕಿತ್ತಲ್ಲ. ನಾಲಗಿ ತುದಿಗೆ ಬಂತು. ಕೊರಳಾಗಿನ ಲಿಂಗಕ್ಕ ಕೈ ಹೋತು. ನಾಳಿ ನನ್ನ ಈ ಮನಿಯಿಂದ ಹೊರಗ ಹಾಕಿದ್ರ, ಆಣಿ ಮುರದಾಕಿ, ಮಾವನ ಜೇಲಿಗೆ ಕಳಿಸಿದಾಕಿ ಅಂತ ತವರುಮನಿ ಬಾಗಲಾನೂ ಮುಚ್ಚತೈತಿ ಅಂತ ಅನಿಸಿತು. ಇಲ್ಲ ಇಲ್ಲ, ಎಣ್ಣಿ ಛಲೋ ಇಲ್ಲ ಅಂದು ಹೊರಗ ಬಂದ್ನಿ.

ಆದ್ರ ಕೈಕಟಗೊಂಡು ಕುಂಡ್ರಲಿಲ್ಲ. ಮಾವನೋರ ಕಾಲು ಹಿಡದ್ನಿ. ಬಬಲೇಶ್ವರದ ಹಾದಿ ತೆರದ ಐತಿ, ನಡಿ ಬೇಕಾದ್ರ ಅಂದ್ರು. ಹೊರಸು ಮತ್ತ ಖೋಲಿಗೆ ಹಾಕಿದ್ನಿ, ಆಕಿ ಮತ್ತ ಹೊರಗ ಹಾಕಿದ್ಲು. ಬಾಗಲಕ್ಕ ಒಳ್ಳಕಲ್ಲಿನ ಗುಂಡು ಇಟ್ನಿ, ಮುಚ್ಚಬಾರದು ಅಂತ. ನಾಯಿ ಹೊಗತಾವ ಅಂತ ಗುಂಡು ಸರಿಸಿ ಒಳಗಿಂದ ಚಿಲಕ ಹಾಕ್ಕೊಂಡ್ಳು. ಕಡೀಕ ನಾನೂ ಒಂದು ಸುಳ್ಳು ಹೇಳಿದ್ನಿ. ಅಜ್ಜ ನನ್ನ ಕನಸಿನಾಗ ಬಂದಿದ್ದ, ಅಕ್ಕೋರಿಗೆ ಹೊರಸಿನ ಮ್ಯಾಲ ಪಡಸಾಲ್ಯಾಗ ಮಲಗಾಕ ಹೇಳು ಅಂದಾನ ಅಂತ. ಆಕಿ ನನ್ನ ನೋಡಿದ್ಲು. ಸ್ವಲ್ಪ ಬ್ಯಾಸರಾ ಮಾಡ್ಕೊಂಡ್ಳು ಅನಸ್ತು. "ನಾನು ಅವರೊಂದಿಗೆ ಪ್ರತಿದಿನ ಮಾತಾಡುತ್ತೇನೆ. ಅವರು ನನಗೇಕೆ ಹೇಳಲಿಲ್ಲ?" ಅಂತ ಕೇಳಿದ್ಲು.

ಆಮ್ಯಾಲಿಂದ ನನ್ನ ಮುಂಜಾನಿ ಹೆಂಗ ಅಂದ್ರ, ಒಲಿ ಹಚ್ಚೋದಕಿಂತ ಮೊದಲ ಗ್ವಾಡಿಗೆ ಕಿವಿ ಹಚ್ಚತಿದ್ನಿ. ದನಿ ಬಂತು ಅಂದ್ರ ಹಿಟ್ಟು ನಾದೋದು. ದನಿ ಬರೂತನಾ ಅಲ್ಲೇ ನಿಂದರತಿದ್ನಿ. ಒಂದೊಂದು ದಿನಾ ತಡಾ ಆಗೋದು, ನನ್ನ ಜೀವಾ ಹೋಗಿ ಬರೋದು. ಆ ದನಿ ದಿನದಿಂದ ದಿನಕ್ಕ ದಣದಂಗ ಆಗಾಕತ್ತಿತ್ತು.

ಒಂದಿನ ಬರಲಿಲ್ಲ.

ಬಾಳ ಥಂಡಿ ಇತ್ತು ಅವತ್ತ. ಬೆಳಕಿಂಡಿಗೂ ಆಕಿ ಅರಿವಿ ತುರುಕಿದ್ಲು ಅಂತ ಆಮ್ಯಾಲ ಗೊತ್ತಾತು. ಥಂಡಿಗೆ ತಡಾ ಮಾಡಿ ಏಳ್ತಾಳ ಅನಕೊಂಡು ಒಂದು ರೊಟ್ಟಿ ಬಡದ್ನಿ, ಮತ್ತ ಕಿವಿಗೊಟ್ನಿ. ಇಲ್ಲ. ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತಿತು, ನಾ ಎದ್ದು ಹೋಗಿ ಬಾಗಲಾ ಬಡದ್ನಿ. ಅಕ್ಕೋರ, ಅಕ್ಕೋರ ಅಂದ್ನಿ. ಚಿಲಕ ಒಳಗಿಂದ ಇತ್ತು. ಬಾಗಲದ ಕೆಳಗಿನ ಸಂದಿಗೆ ಮುಖಾ ಹಚ್ಚಿದ್ರ ಆ ಹುಳಿ ವಾಸನಿ.

ಮಾವನೋರು ಪೂಜಿ ಬಿಟ್ಟು ಎದ್ದು ಬಂದ್ರು, ಹಣಿ ತುಂಬ ಇಬತ್ತಿ. ಮಲಗಿರಬೇಕು, ಒದರಬ್ಯಾಡ, ಮಂದಿ ಕೂಡತೈತಿ ಅಂದ್ರು. ನಾ ಬಾಗಲಾ ಒಡಿಸ್ರಿ ಅಂದ್ನಿ. ತಲಬಾಗಿಲಿಗೆ ಹೋಗಿ ಅಡ್ಡ ನಿಂತ್ರು. ಸ್ವಲ್ಪ ತಡಿ, ವಿಜಾಪುರದಿಂದ ಅವನ್ನ ಕರಿಸೂನು, ಮನಿ ಮಾತು ಮನ್ಯಾಗ ಇರಲಿ ಅಂದ್ರು. ವಿಜಾಪುರದಿಂದ ನಮ್ಮನಿಯವರು ಬರೂದರಾಗ ಆಕಿ ಉಳೀತಾಳೇನು? ಅವರ ಮುಖಾ ನೋಡಿದ್ನಿ. ಅವರೂ ಅಂಜಿದ್ರು. ಆದ್ರೂ ಬಾಗಲಾ ಬಿಡಲಿಲ್ಲ.

ನಾ ಹಿತ್ತಲ ಬಾಗಲದಿಂದ ಓಡಿದ್ನಿ. ತಲಿ ಮ್ಯಾಲಿನ ಸೆರಗು ಬಿತ್ತು, ಎತ್ತಿಕೊಳ್ಳಲಿಲ್ಲ. ಆ ಮನಿ ಸೊಸಿಯಾಗಿ ಬಂದ ಮ್ಯಾಲ ಬರೇ ತಲೀಲೆ ಓಣ್ಯಾಗ ನಿಂತದ್ದು ಅದ ಮೊದಲು. ಬರ್ರೆಪ್ಪೋ, ಬಾಗಲಾ ಒಡೀರಿ ಅಂತ ಒದರಿದ್ನಿ. ಭಾಗಪ್ಪ ಅಂತ, ನಮ್ಮ ಅಂಗಡ್ಯಾಗ ಚೀಲ ಹೊರಾಂವ, ಕಬ್ಬಣದ ಹಾರಿ ಹೆಗಲ ಮ್ಯಾಲ ಇಟಗೊಂಡು ಹೊಂಟಿದ್ದ. ಓಡಿ ಬಂದ. ಬಂದಾಂವ ಹಿತ್ತಲ ಹೊಸ್ತಿಲಕ್ಕ ಬಂದು ಗಕ್ಕನ ನಿಂತುಬಿಟ್ಟ. ಕೆಳಗಿನ ಕೇರಿಯಾಂವ ಅಂವ, ನಮ್ಮ ಮನಿ ಹೊಸ್ತಿಲ ಯಾವತ್ತೂ ದಾಟಿರಲಿಲ್ಲ. ನನ್ನ ಮುಖಾ ನೋಡಿ, ಒಳಗ ಬರ್ಲೇನ್ರಿ ಅವ್ವಾರ ಅಂತ ಕೇಳಿದ.

ಬಾರೋ ಯಪ್ಪಾ ಅಂತ ಅವನ ಕೈ ಹಿಡದ ಎಳದ್ನಿ. ಅವನ ಹಿಂದ ಓಣಿ ಮಂದಿ, ಮಾವನೋರನ್ನ ದಾಟಿ ಮುಂಬಾಗಲದಿಂದ ಬಸಲಿಂಗಯ್ಯನೋರು. ಪಡಸಾಲಿ ತುಂಬಿತು. ಭಾಗಪ್ಪ ಹಾರಿ ಹಾಕಿ ಮೀಟಿದ, ಚಿಲಕ ಕಿತ್ತು ಬಾಗಲಾ ತೆರೀತು. ಒಳಗ ಕತ್ತಲಿ. ಕೌದ್ಯಾಗ ಆಕಿ ಬೋರಲ ಬಿದ್ದಿದ್ಲು, ಕಲ್ಲಿನ ಮ್ಯಾಲ ಒಂದು ಕೈ ಇತ್ತು. ಭಾಗಪ್ಪ ಹಂಗ ನುಗ್ಗಾಕ ಹೋದ, ಬಗ್ಗಿ ಎತ್ತಾಕ.

ಅಲ್ಲಿ ನನಗ ತಿಳೀತು. ಈಗ ಸುಮ್ಮನಿದ್ರ ಆಕಿ ಒಬ್ಬಾಕಿ ಅಲ್ಲ, ಅಂವನೂ ಹೋಗ್ತಾನ. ಸೋದರಮಾವನಂಗ ಬಗ್ಗಿದಾಂವ ಏಳಂಗಿಲ್ಲ. ಮಾವನೋರು ನನ್ನ ಎದುರಿಗೆ ನಿಂತಿದ್ರು. ಬ್ಯಾಡ ಅನ್ನೋವಂಗ ತಲಿ ಅಲ್ಲಾಡಿಸಿದ್ರು. ನಾ ಲಿಂಗ ಮುಷ್ಟಿಯಾಗ ಹಿಡಕೊಂಡ್ನಿ.

"ಉಸರ ಹಿಡಕೊಂಡು ಹೋಗು ಭಾಗಪ್ಪ, ಒಳಗ ಉಸರ ಎಳೀಬ್ಯಾಡ. ಕೆಳಗ ಗದ್ದಗಿ ಇಲ್ಲ, ಹಗೇವ ಐತಿ. ಜ್ವಾಳ ಕೊಳತು ಹವಾ ಬಿಟ್ಟೈತಿ."

ಹಗೇವ ಅಂದ ಕೂಡಲೆ ಭಾಗಪ್ಪ ಒಂದು ಹೆಜ್ಜಿ ಹಿಂದ ಸರದ, ಹೊರಗಿನ ಗಾಳಿ ಎದಿ ತುಂಬ ಎಳಕೊಂಡ, ಇಳದ. ಕೌದಿ ಸಮೇತ ಆಕಿನ್ನ ಎಳಕೊಂಡು ಮೆಟ್ಟಲಿಗೆ ತಂದ. ಅಲ್ಲಿಂದ ನಾವೆಲ್ಲಾ ಕೂಡಿ ಅಂಗಳಕ್ಕ ಒಯ್ದು ಬಿಸಿಲಿಗೆ ಹಾಕಿದ್ವಿ. ತುಟಿ ನೀಲಿ ಆಗಿದ್ವು. ಕೈ ತಣ್ಣಗ. ಬಸಲಿಂಗಯ್ಯನೋರು ಅಳಾಕತ್ತಿದ್ರು, ಯಾವ ಮುಖಾ ಇಟಗೊಂಡು ಅವರಪ್ಪಗ ಹೇಳ್ಲಿ ಅಂತ. ನಾ ಆಕಿ ಕೆನ್ನಿ ಬಡದ್ನಿ, ಎದಿ ತಿಕ್ಕಿದ್ನಿ, ಬೈದ್ನಿ ಕೂಡ. ಏಳಽ ಬೇ, ಏಳು, ನಿನ್ನ ಮಾತು ಯಾಕ ನಿಂದರಿಸಿದಿ, ಮಾತಾಡು ಅಂದ್ನಿ. ಬಾಳ ಹೊತ್ತಿನ ಮ್ಯಾಲ ಒಂದು ಉಸರು ಬಂತು, ಹರಕ ತಿದಿ ಎಳದಂಗ. ಆಮ್ಯಾಲ ಇನ್ನೊಂದು. ನಾ ಅಲ್ಲೇ ನೆಲದ ಮ್ಯಾಲ ಕುಂತುಬಿಟ್ನಿ.

ಉಳಿದದ್ದು ಊರಿಗೆ ಗೊತ್ತಿದ್ದದ್ದು. ತಲಾಟಿ ಬಂದ, ವಿಜಾಪುರದಿಂದ ಜೀಪು ಬಂತು, ಬಾಗಲಾ, ಬೆಳಕಿಂಡಿ ತೆರದು ಹವಾ ಆಡಿಸಿ ಕಲ್ಲು ಎತ್ತಿದ್ರು. ಮ್ಯಾಗಿನ ಜ್ವಾಳ ಕರ್ರಗಾಗಿ ಗಟ್ಟಿ ಹೆಂಟಿ ಆಗಿತ್ತು, ಆಡೂ ಮೂಸಲಿಲ್ಲ. ಜನಾ ಹಸಕೊಂಡ ವರ್ಷದಾಗ ಅಷ್ಟು ಕಾಳು ತಿಪ್ಪಿಗೆ ಹೋತು. ಮಾವನೋರನ್ನ ಜೀಪಿನಾಗ ಕರಕೊಂಡು ಹೋದ್ರು. ತಿರುಗಿ ಬಂದ ಮ್ಯಾಲ ಸಾಯೂತನಾ ನನ್ನ ಕೈಯಾಗಿನ ರೊಟ್ಟಿ ಮುಟ್ಟಲಿಲ್ಲ. ನಮ್ಮನಿಯವರು ಮಾತ್ರ, ಏನೂ ಅನ್ನದ, ಮರುವಾರ ಬಂದು ನಾ ಬಡಿಸಿದ್ದು ಉಂಡ್ರು. ಅಷ್ಟರಿಂದ ನಾ ಆ ಮನ್ಯಾಗ ಉಳದ್ನಿ.

ಎಡ್ನಾ ಬಸಲಿಂಗಯ್ಯನೋರ ಮನಿಗೆ ಹೋದ್ಳು. ಮೈಯಾಗ ಶಕ್ತಿ ಬಂದ ಮ್ಯಾಲ ಒಂದು ಮುಂಜಾನಿ ತನ್ನ ಸಾಮಾನು ಒಯ್ಯಾಕ ಬಂದ್ಳು. ನಾ ಒಲಿ ಮುಂದ ಇದ್ನಿ. ಎದ್ದು ನಿಂತ್ನಿ. ಬೈತಾಳ ಅಂತ ಕಾದಿದ್ನಿ, ಬೈಯಲಿ ಅನಸ್ತಿತ್ತು. ಆಕಿ ಆ ಖೋಲಿ ಬಾಗಲದಾಗ ನಿಂತು, ಈಗ ಬಾಯಿ ತೆರದ ಬಿದ್ದಿದ್ದ ಕುಣಿ ನೋಡಾಕತ್ತಿದ್ಲು. ಆಮ್ಯಾಲ ಅಡಗಿಮನಿಗೆ ಬಂದು ನನ್ನ ಎದುರಿಗೆ ಕುಂತ್ಳು, ನೆಲದ ಮ್ಯಾಲ, ಕಾಲು ಮಡಚಿಕೊಂಡು.

"ಅಜ್ಜ ಎಲ್ಲಿದ್ದಾರೆ?" ಅಂದ್ಳು.

ಯಾವ ಅಜ್ಜನೂ ಇರಲಿಲ್ರಿ ಅಂದ್ನಿ. ಆಕಿಗೆ ಗೊತ್ತಾಗಿತ್ತು, ಊರೆಲ್ಲಾ ಹೇಳಿತ್ತು. ಆದ್ರೂ ನನ್ನ ಬಾಯಿಂದ ಕೇಳಿದಾಗ ಆಕಿಗೆ ತಡಕೊಳ್ಳಾಕ ಆಗಲಿಲ್ಲ. ಸಾಯೋದರಾಗಿಂದ ಉಳದು ಬಂದಾಗ ಅಳದಾಕಿ ಈಗ ಅತ್ಳು. ಅಪ್ಪಗ ಬರಿಯಾಕ ಆಗದ್ದು, ಬಸಲಿಂಗಯ್ಯನೋರ ಮುಂದ ಹೇಳಾಕ ಆಗದ್ದು, ಅಂಜಿಕಿ, ಹುಡುಗರು ನಕ್ಕದ್ದು, ವಾಪಸ ಓಡಿ ಹೋಗಬೇಕು ಅನಿಸಿದ್ದು, ಎಲ್ಲಾ ದಿನಾ ಮುಂಜಾನಿ ಆ ಅಜ್ಜನ ಮುಂದ ಹೇಳತಿದ್ಲಂತ. ಈ ದೇಶದಾಗ ತನಗ ಒಬ್ಬರು ಅದಾರ ಅಂತ ತಿಳಕೊಂಡಿದ್ಲಂತ.

"ಹಾಗಾದರೆ ನನ್ನ ಮಾತು ಯಾರು ಕೇಳಿದರು?"

ನಾ ಗ್ವಾಡಿ ಕಡೆ ಕೈ ಮಾಡಿದ್ನಿ. ಒಲಿ ಹೊಗಿಗೆ ಕಪ್ಪಾದ ಗ್ವಾಡಿ, ನಾ ದಿನಾ ಕಿವಿ ಹಚ್ಚಿದ ಜಾಗಾದಾಗ ಒಂದಿಷ್ಟು ಮಸಿ ಒರಸಿ ಹೋಗಿತ್ತು.

"ಈಚಿ ಕಡೆ ನಾ ಇದ್ನಿ. ನಾ ಕೇಳೇನ್ರಿ. ಒಂದೂ ತಿಳೀಲಿಲ್ಲ, ಆದ್ರ ಒಂದಿನಾನೂ ಬಿಟ್ಟಿಲ್ಲ."

ಆಕಿ ಗ್ವಾಡಿ ನೋಡಿದ್ಲು, ನನ್ನ ನೋಡಿದ್ಲು. ಮೂಗು ಒರಸಿಕೊಂಡ್ಳು. ಆಮ್ಯಾಲ ಮೆಲ್ಲಕ ಇಂಗ್ಲೀಷಿನಾಗ ಏನೋ ಸುರು ಮಾಡಿದ್ಲು. ನಾ ಹಿಟ್ಟಿನ ಕೈ ತೊಳಕೊಂಡು ಆಕಿ ಎದುರಿಗೆ ಕುಂತ್ನಿ.